ಬಿಲ್ಲಿಗೆ ತಕ್ಕ ಬಾಣ: ಮನೆಯಲ್ಲೇ ಹೊಂದಿಸಿಕೊಳ್ಳುವುದು ಹೇಗೆ?

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆ ತುಂಬ ಬಿಲ್ಲುಗಾರರಿದ್ದಾರೆ. ಕಲ್ಲಿನಲ್ಲಿ ಅವರ ಬಾಣ ಒಂದಿಷ್ಟೂ ಬಾಗುವುದಿಲ್ಲ. ನಿಜವಾದ ಬಾಣ ಹಾಗಲ್ಲ. ಹೆದೆ ಬಿಟ್ಟ ಕ್ಷಣವೇ ಕಡ್ಡಿ ಬಾಗುತ್ತದೆ. ಬಿಲ್ಲಿನ ಹಿಡಿಯನ್ನು ಸುತ್ತಿಬಳಸಿ ಆಚೆ ದಾಟುತ್ತದೆ. ನೀರುಹಾವಿನಂತೆ ಅತ್ತಿತ್ತ ಬಳುಕಿ, ಆಮೇಲೆ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಸಿ. ಎನ್. ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಸೆರೆಹಿಡಿದರು. ಈಗ ಮೊಬೈಲಿನ ಸ್ಲೋ ಮೋಷನ್‌ನಲ್ಲೇ ನೋಡಬಹುದು.

ಬಾಗುವುದು ಯಾಕೆ? ಬಿದಿರಿನ ಬಿಲ್ಲಿನಲ್ಲಿ ಬಾಣ ಹಿಡಿಯ ಪಕ್ಕದಲ್ಲಿ ಕೂರುತ್ತದೆ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಅದು ಹಿಡಿಯ ಎಡಕ್ಕೆ. ಹೆದೆ ಮಾತ್ರ ಬಿಲ್ಲಿನ ನಡುಮಧ್ಯಕ್ಕೆ ಓಡಿಬರುತ್ತದೆ. ಕಡ್ಡಿ ಬಾಗದೇ ಇದ್ದರೆ ಬಾಣ ಎಡಕ್ಕೇ ಹೋಗಬೇಕು, ಅಲ್ವಾ? ಬಾಗು ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ನಿಮ್ಮ ಬಿಲ್ಲಿಗೆ ಎಷ್ಟು ಬೇಕೋ ಅಷ್ಟು ಬಾಗುವ ಕಡ್ಡಿ ಬೇಕು. ಈ ಗಡಸುತನವನ್ನು ಬಿಲ್ಲುಗಾರರು ಸ್ಪೈನ್ ಎನ್ನುತ್ತಾರೆ. ಬಾಣ ಓಲಾಡಿದರೆ ಬಹಳ ಜನ ದೊಡ್ಡ ಗರಿ ಅಂಟಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗರಿ ತಪ್ಪನ್ನು ಮುಚ್ಚುತ್ತದೆ, ತಿದ್ದುವುದಿಲ್ಲ.

ಕಡ್ಡಿ ಆರಿಸುವುದು

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಬಿದಿರು ಹೊಸದಲ್ಲ. ಆದರೆ ವಾಟೆ ಬಿದಿರಿನ ಗೋಡೆ ತೆಳು, ಬೇಗ ಸೀಳುತ್ತದೆ. ಕಿರುಬಿದಿರಿನ ತೆಳ್ಳನೆಯ, ಗಟ್ಟಿ ಕಡ್ಡಿಗಳೇ ವಾಸಿ. ಕಾಡಿನಿಂದ ಕಡಿದು ತರಬೇಡಿ. ತೋಟದ ಅಂಚಿನದ್ದನ್ನೋ ಮಾರುವವರ ಹತ್ತಿರದ್ದನ್ನೋ ತೆಗೆದುಕೊಳ್ಳಿ. ಹಸಿ ಕಡ್ಡಿ ಉಪಯೋಗವಿಲ್ಲ. ನೆರಳಲ್ಲಿ ತಿಂಗಳುಗಟ್ಟಲೆ ಒಣಗಬೇಕು. ಒಲೆಯ ಮೇಲಿನ ಅಟ್ಟ ಇನ್ನೂ ಇರುವ ಮನೆಯಾದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಒಣಗಿದ ಮೇಲೆ ಕೆಂಡದ ಶಾಖಕ್ಕೆ ಹಿಡಿದು ಒಂದೊಂದೇ ಗೆಣ್ಣು ನೆಟ್ಟಗೆ ಮಾಡಿ. ಬಿಸಿ ಇರುವಾಗ ಬಗ್ಗಿಸಿ, ಆರುವ ತನಕ ಹಾಗೇ ಹಿಡಿದಿರಿ. ಕಡ್ಡಿ ಕಪ್ಪಗಾದರೆ ಶಾಖ ಜಾಸ್ತಿಯಾಯಿತೆಂದು ಅರ್ಥ. ಹೆದೆ ಕೂರುವ ಹಿಂತುದಿಯ ಕಚ್ಚನ್ನು ಗೆಣ್ಣಿಗೆ ತೀರಾ ಹತ್ತಿರ ಕೊಯ್ಯಿರಿ. ಕಚ್ಚಿನ ಬುಡಕ್ಕೆ ದಾರ ಸುತ್ತಿ ಅಂಟು ಹಾಕಿ. ಇಲ್ಲದಿದ್ದರೆ ಹೆದೆಯ ಹೊಡೆತಕ್ಕೆ ಸೀಳುತ್ತದೆ.

ಗಡಸುತನ ಅಳೆಯುವುದು

ಹಲಗೆಯ ಮೇಲೆ ಎರಡು ಮೊಳೆ ಹೊಡೆಯಿರಿ. ನಡುವೆ 26 ಇಂಚು ಅಂತರವಿರಲಿ. ಕಡ್ಡಿಯನ್ನು ಅವುಗಳ ಮೇಲೆ ಅಡ್ಡ ಇಟ್ಟು, ನಡುವಿಗೆ ಸುಮಾರು 900 ಗ್ರಾಂ ತೂಕ ತೂಗುಹಾಕಿ. ಲೀಟರ್ ಬಾಟಲಿಗೆ ನೀರು ತುಂಬಿ, ದಿನಸಿ ಅಂಗಡಿಯ ತಕ್ಕಡಿಯಲ್ಲಿ ಬಾಟಲಿ ಸೇರಿ 900 ಗ್ರಾಂ ಬರುವ ಹಾಗೆ ಮಾಡಿಕೊಂಡರೆ ಸಾಕು. ಕಡ್ಡಿಯ ನಡು ಎಷ್ಟು ಮಿಲಿಮೀಟರ್ ಕೆಳಗಿಳಿಯಿತು ಎಂದು ಸ್ಕೇಲಿನಲ್ಲಿ ನೋಡಿ. 660ನ್ನು ಆ ಸಂಖ್ಯೆಯಿಂದ ಭಾಗಿಸಿ. 16.5 ಮಿ.ಮೀ. ಇಳಿದರೆ ಸ್ಪೈನ್ 40 ಪೌಂಡ್. 13 ಮಿ.ಮೀ. ಇಳಿದರೆ ಸುಮಾರು 50.

ಈಗ ಬಿಲ್ಲು. ಲಗೇಜ್ ತೂಗುವ ಕೈತಕ್ಕಡಿಯ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ನೀವು ಎಳೆಯುವಷ್ಟೇ ಎಳೆದು ನೋಡಿ. ಕಿಲೋ ಲೆಕ್ಕ ಬಂದರೆ 2.2ರಿಂದ ಗುಣಿಸಿ, ಪೌಂಡ್ ಸಿಗುತ್ತದೆ. ಅಗಲ ಹಿಡಿಯ ಬಿದಿರು ಬಿಲ್ಲಿಗೆ ಕಡ್ಡಿಯ ಸ್ಪೈನ್ ಇದಕ್ಕಿಂತ 5ರಿಂದ 10 ಪೌಂಡ್ ಕಡಿಮೆ ಇರುವುದು ಒಳ್ಳೆಯ ಆರಂಭ. ಅಗಲ ಹಿಡಿಯನ್ನು ಸುತ್ತಿಬಳಸಿ ದಾಟಲು ಬಾಗು ಸ್ವಲ್ಪ ಜಾಸ್ತಿ ಬೇಕು, ಅದಕ್ಕೆ.

ತೂಕವನ್ನೂ ಮರೆಯಬೇಡಿ. 40 ಪೌಂಡಿನ ಬಿಲ್ಲಿಗೆ ಮೊನೆ, ಗರಿ ಎಲ್ಲ ಸೇರಿ ಬಾಣ ಸುಮಾರು 26 ಗ್ರಾಂ ಇರಲಿ. ತೀರಾ ಹಗುರವಾದರೆ ಬಿಲ್ಲಿಗೇ ಪೆಟ್ಟು. ಬಾಣವಿಲ್ಲದೆ ಹೆದೆ ಎಳೆದು ಸುಮ್ನೆ ಬಿಡಲೇಬಾರದು, ಬಿಲ್ಲು ಮುರಿಯಬಹುದು.

ಬೋಳು ಬಾಣದ ಪರೀಕ್ಷೆ

ಇಡೀ ಕೆಲಸದ ಜೀವಾಳ ಇದು. ಒಂದೇ ಉದ್ದ, ಒಂದೇ ಸ್ಪೈನ್, ಒಂದೇ ಮೊನೆಯ ಕೆಲವು ಬಾಣ ಮಾಡಿ. ಒಂದೆರಡಕ್ಕೆ ಗರಿ ಅಂಟಿಸಬೇಡಿ, ಇವೇ ಬೋಳು ಬಾಣ. ಕಡ್ಡಿಯನ್ನು ನೀವು ಹೆದೆ ಎಳೆಯುವ ಉದ್ದಕ್ಕಿಂತ ಎರಡು ಇಂಚು ಉದ್ದವಾಗಿಯೇ ಬಿಡಿ. ಕತ್ತರಿಸುವುದು ಯಾವಾಗ ಬೇಕಾದರೂ ಆಗುತ್ತದೆ, ಕೂಡಿಸಲು ಬರುವುದಿಲ್ಲ.

ಕೊಯ್ಲಾದ ಗದ್ದೆಯಲ್ಲಿ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಗುರಿ ನಿಲ್ಲಿಸಿ. ಕಾಫಿ ತೋಟದೊಳಗೆ ಬೇಡ. ಗಿಡದ ಮರೆಯಲ್ಲಿ ಕೆಲಸದವರು ಇದ್ದರೂ ಕಾಣುವುದಿಲ್ಲ. ಪ್ರತಿ ಬಾಣವನ್ನೂ ಮೊದಲು ಕೈಯಲ್ಲಿ ಮೆಲ್ಲಗೆ ಬಗ್ಗಿಸಿ, ಕಿವಿಯ ಹತ್ತಿರ ಹಿಡಿದು ಕೇಳಿ. ಚಟ್ ಎಂದರೆ ಎಸೆದುಬಿಡಿ. ಬಿರುಕು ಬಿಟ್ಟ ಬಾಣ ಬಿಲ್ಲು ಹಿಡಿದ ಕೈಗೇ ಚುಚ್ಚಬಹುದು.

10 ಮೀಟರಿನಿಂದ ಶುರು ಮಾಡಿ. ಗರಿ ಬಾಣ, ಬೋಳು ಬಾಣ ಎರಡನ್ನೂ ಒಂದೇ ಗುರಿಗೆ ಬಿಡಿ. ಚುಚ್ಚಿದ ಬಾಣ ಯಾವ ಕಡೆ ವಾಲಿದೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಗುರಿಯ ಹುಲ್ಲೇ ಅದನ್ನು ತಿರುಚಿರುತ್ತದೆ. ಎಲ್ಲಿ ಬಿತ್ತು ಎಂಬುದನ್ನು ಮಾತ್ರ ನಂಬಿ.

ಮೊದಲು ಮೇಲೆ ಕೆಳಗೆ ಸರಿಮಾಡಿ. ಹೆದೆಯ ಮೇಲೆ ಕಚ್ಚು ಕೂರುವ ಜಾಗಕ್ಕೆ ದಾರ ಸುತ್ತಿ ಗುರುತು ಮಾಡಿರುತ್ತೀರಿ. ಬಾಣ ಹೆದೆಗೆ ಲಂಬವಾಗಿ ಕೂರುವ ಜಾಗಕ್ಕಿಂತ ಸುಮಾರು 12 ಮಿ.ಮೀ. ಮೇಲಿನಿಂದ ಶುರು ಮಾಡಬಹುದು. ಬೋಳು ಬಾಣ ಗರಿ ಬಾಣಕ್ಕಿಂತ ಮೇಲೆ ಬಿದ್ದರೆ ಗುರುತನ್ನು ಮೇಲೆ ಸರಿಸಿ. ಕೆಳಗೆ ಬಿದ್ದರೆ ಕೆಳಗೆ ಸರಿಸಿ.

ಆಮೇಲೆ ಎಡ, ಬಲ. ಬಲಗೈಯವರಿಗೆ ಬೋಳು ಬಾಣ ಎಡಕ್ಕೆ ಬಿದ್ದರೆ ಕಡ್ಡಿ ಗಡಸು. ಬಲಕ್ಕೆ ಬಿದ್ದರೆ ಮೆದು. ಎಡಗೈಯವರಿಗೆ ಇದು ತಿರುಗುಮುರುಗು. ಮೆದುವಾಗಿದ್ದರೆ ಮುಂತುದಿಯಿಂದ ಒಂದು ಸಲಕ್ಕೆ 6 ಮಿ.ಮೀ. ಮಾತ್ರ ಕತ್ತರಿಸಿ ಮತ್ತೆ ಬಿಟ್ಟು ನೋಡಿ. ಕಡ್ಡಿ ಗಿಡ್ಡವಾದಷ್ಟೂ ಗಡಸಾಗುತ್ತದೆ. ಗರಿ ಬಾಣವನ್ನೂ ಅಷ್ಟೇ ಕತ್ತರಿಸಿ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಗಡಸಾಗಿದ್ದರೆ ಭಾರದ ಮೊನೆ ಹಾಕಿ. 100 ಗ್ರೇನ್, ಅಂದರೆ ಆರೂವರೆ ಗ್ರಾಂ ಮೊನೆಯ ಬದಲು 125 ಗ್ರೇನ್ ಹಾಕಿದರೂ ವ್ಯತ್ಯಾಸ ಕಾಣುತ್ತದೆ. ಕಡ್ಡಿಯ ನಡುಭಾಗವನ್ನು ಉಪ್ಪುಕಾಗದದಿಂದ ಉಜ್ಜಿ ತೆಳ್ಳಗೆ ಮಾಡುವ ದಾರಿಯೂ ಇದೆ. ಸ್ವಲ್ಪ ಸ್ವಲ್ಪವೇ ಉಜ್ಜಿ.

ಕೊನೆಯ ಚೂರು ವ್ಯತ್ಯಾಸಕ್ಕೆ ಕಡ್ಡಿ ಮುಟ್ಟುವುದೇ ಬೇಡ. ಬಾಣ ಒರಗುವ ಹಿಡಿಯ ಪಕ್ಕಕ್ಕೆ ತೆಳುವಾದ ಚರ್ಮದ ಪಟ್ಟಿ ಅಂಟಿಸಿದರೆ ಬಾಣ ಗಡಸಿನಂತೆ ವರ್ತಿಸುತ್ತದೆ. ಪಟ್ಟಿ ತೆಗೆದರೆ ಮೆದುವಿನಂತೆ. ಇದೆಲ್ಲ ಮಾಡುವಾಗ ಹೆದೆ ಮತ್ತು ಹಿಡಿಯ ನಡುವಿನ ಅಂತರ ಬದಲಾಗದಂತೆ ನೋಡಿಕೊಳ್ಳಿ. ಹೆದೆ ಹಿಗ್ಗಿದರೆ ಎಲ್ಲ ಲೆಕ್ಕವೂ ಕದಲುತ್ತದೆ. 10 ಮೀಟರಿನಲ್ಲಿ ಎರಡೂ ಬಾಣ ಒಟ್ಟಿಗೆ ಬಿದ್ದ ಮೇಲೆ 20ಕ್ಕೆ ಹೋಗಿ. ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲಿ ಬಿದಿರಿನ ಬಿಲ್ಲು ಹಿಡಿದು 30 ಮತ್ತು 50 ಮೀಟರಿಗೆ ಬಿಡುತ್ತಾರೆ. ಆ ದೂರದಲ್ಲಿ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ಗರಿ ಮತ್ತು ಮಳೆಗಾಲ

ಇದೇ ಅಳತೆಗೆ ಮಾಡುವ ಉಳಿದ ಬಾಣಗಳಿಗೆ ಈಗ ಗರಿ ಅಂಟಿಸಿ. ಪ್ಲಾಸ್ಟಿಕ್ ಬೇಡ, ಅದು ಹಿಡಿಗೆ ತಾಗಿದರೆ ಮಡಚುವುದಿಲ್ಲ, ಬಾಣವನ್ನೇ ತಳ್ಳುತ್ತದೆ. ಟರ್ಕಿ ಕೋಳಿಯ ಗರಿ ಚೆನ್ನ. ಒಂದು ಬಾಣದ ಮೂರೂ ಗರಿ ಒಂದೇ ಕಡೆಯ ರೆಕ್ಕೆಯವಾಗಿರಲಿ.

ನಮ್ಮ ಮಲೆನಾಡಿನ ಮಳೆಗೆ ಬಿದಿರು ತೇವ ಹೀರುತ್ತದೆ. ಗೋಡೆಗೆ ಒರಗಿಸಿಟ್ಟ ಬಾಣ ಬಾಗುತ್ತದೆ. ಕಡ್ಡಿಗೆ ಎಣ್ಣೆಯನ್ನೋ ವಾರ್ನಿಷನ್ನೋ ಸವರಿ, ಮಲಗಿಸಿ ಇಡಿ. ಮಳೆ ಮುಗಿದ ಮೇಲೆ ಬಾಗಿದವನ್ನು ಮತ್ತೆ ಕೆಂಡಕ್ಕೆ ಹಿಡಿಯಿರಿ. ಆಮೇಲೆ ಬೋಳು ಬಾಣವನ್ನು ಇನ್ನೊಮ್ಮೆ ಬಿಟ್ಟು ನೋಡಿ. ಅದಕ್ಕಾಗಿಯೇ ಒಂದು ಬಾಣಕ್ಕೆ ಗರಿ ಅಂಟಿಸದೆ ಉಳಿಸಿಕೊಳ್ಳಿ.