ಹೆರಿಗೆಗೆ ಮನೆಯವರು ತಯಾರಾಗುವುದು ಹೇಗೆ?

ನಮ್ಮಕ್ಕನಿಗೆ ನೋವು ಶುರುವಾದ ರಾತ್ರಿ ತಪಾಸಣೆಯ ವಿವರವೆಲ್ಲ ಬರೆದಿರುವ ತಾಯಿ ಕಾರ್ಡ್ ಟ್ರಂಕಿನಲ್ಲಿತ್ತು. ಬೀಗದ ಕೈ ಭಾವನ ಜೇಬಿನಲ್ಲಿ, ಭಾವ ಬೇರೆ ಊರಿನಲ್ಲಿ. ಬೀಗ ಒಡೆಯುವುದಕ್ಕೇ ಅರ್ಧ ಗಂಟೆ ಹೋಯಿತು. ಅಕ್ಕ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಆ ಅರ್ಧ ಗಂಟೆಯನ್ನು ಮಾತ್ರ ನಾನು ಮರೆತಿಲ್ಲ. 2018-20ರ ಲೆಕ್ಕದಲ್ಲಿ, ಜೀವಂತವಾಗಿ ಹುಟ್ಟಿದ ಪ್ರತಿ ಒಂದು ಲಕ್ಷ ಮಕ್ಕಳಿಗೆ ಕರ್ನಾಟಕ 69 ತಾಯಂದಿರನ್ನು ಕಳೆದುಕೊಂಡಿತು. ಪಕ್ಕದ ಕೇರಳದಲ್ಲಿ 19. ಅಂದರೆ ಉಳಿಸಬಹುದಾದ ಜೀವಗಳು ಇವು, ಅಲ್ವಾ?

ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಬಿಪಿ ನೋಡಿಸದೆ ವಾಪಸ್ ಬರಬೇಡಿ.

ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆ, ದಿನಕ್ಕೊಂದರಂತೆ 180 ದಿನ. ಹೆರಿಗೆಯಾದ ಮೇಲೂ 180 ದಿನ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಅನ್ನುವುದು ಸುಳ್ಳು. ಕಪ್ಪಾಗುವುದು ಮಲ ಮಾತ್ರ. ಕಾಫಿ, ಟೀ ಜೊತೆ ನುಂಗಬೇಡಿ, ನಿಂಬೆ ಪಾನಕ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಗೆ ಬೇರೆ ಹೊತ್ತು ಇಟ್ಟುಕೊಳ್ಳಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತ ಕಡಿಮೆ ಇದೆ ಎಂದೇ ಅರ್ಥ. 7ಕ್ಕಿಂತ ಕೆಳಗಿಳಿದರೆ ಮನೆಯಲ್ಲಿ ಕೂರುವಂತಿಲ್ಲ, ದೊಡ್ಡಾಸ್ಪತ್ರೆಗೇ ಹೋಗಬೇಕು. ಮೊದಲೇ ರಕ್ತ ಕಡಿಮೆ ಇರುವವಳು ಹೆರಿಗೆಯಲ್ಲಿ ಸ್ವಲ್ಪ ಜಾಸ್ತಿ ರಕ್ತ ಹೋದರೂ ತಡೆದುಕೊಳ್ಳಲಾರಳು.

ಎಂಟನೇ ತಿಂಗಳಲ್ಲಿ ಮನೆಯವರೆಲ್ಲ ಕೂತು ಮಾತಾಡಿ. ಯಾವ ಆಸ್ಪತ್ರೆ? 108 ಬರುವುದು ತಡವಾದರೆ ಯಾರ ಗಾಡಿ? ರಕ್ತ ಬೇಕಾದರೆ ಕೊಡುವ ಇಬ್ಬರು ಯಾರು? ತವರಿಗೆ ಹೋಗುವುದಾದರೆ ಅಲ್ಲಿನ ಆಸ್ಪತ್ರೆಯಲ್ಲೂ ಒಮ್ಮೆ ತೋರಿಸಿ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ. ಮುಖ್ಯವಾದ ಮಾತು: ಯಜಮಾನರು ಬರಲಿ ಅಂತ ಕಾಯಬಾರದು. ಜೊತೆಗಿದ್ದವರೇ ಹೊರಡಿಸಬೇಕು.

ತಲೆ ಸಿಡಿತ, ಕಣ್ಣು ಮಂಜಾಗುವುದು, ಮುಖ ಊದುವುದು, ಫಿಟ್ಸ್, ರಕ್ತ ಹೋಗುವುದು, ಮಗು ಅಲ್ಲಾಡುವುದು ಕಡಿಮೆಯಾಗುವುದು. ಇದರಲ್ಲಿ ಒಂದು ಕಂಡರೂ ಸಾಕು, ತಕ್ಷಣ ಹೊರಡಿ. ದೃಷ್ಟಿ ತೆಗೆಯುವುದನ್ನು ಆಮೇಲೆ ನೋಡಿಕೊಳ್ಳೋಣ.

ಮಗು ಹುಟ್ಟಿತು ಅಂತ ಎಲ್ಲರೂ ತೊಟ್ಟಿಲ ಕಡೆ ತಿರುಗುತ್ತಾರೆ. ಒಬ್ಬರು ಮಾತ್ರ ತಾಯಿಯ ಹತ್ತಿರವೇ ಇರಬೇಕು. ಮೊದಲ 24 ಗಂಟೆ ಬಹಳ ನಾಜೂಕು. ಆಗಾಗ ಬಟ್ಟೆ ನೋಡಿ. ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ರಕ್ತದ ದೊಡ್ಡ ಗಡ್ಡೆ ಬಿದ್ದರೆ, ಮೈ ತಣ್ಣಗಾಗಿ ಬೆವರಿದರೆ ನರ್ಸ್ ಅವರನ್ನು ಕೂಗಿ ಕರೆಯಿರಿ. ಬಾಣಂತಿ ಮಲಗಿದ್ದಾಳೆ ಅಂತ ಸುಮ್ನೆ ಬಿಡಬೇಡಿ. ಮಾತಾಡಿಸಿ, ಹೊದಿಕೆ ಸರಿಸಿ ನೋಡಿ.