ಕೋಖ್ ಎಲ್ಲಿ, ಗೋಖ್ ಎಲ್ಲಿ: ವೆಲ್ಶ್ ಹೆಸರುಗಳಲ್ಲಿ ಕೆಂಪನ್ನು ಹುಡುಕುವ ಬಗೆ

ವೇಲ್ಸ್‌ನ ನಕಾಶೆ ಹರಡಿಕೊಂಡು ಊರುಗಳ ಹೆಸರು ಬಿಡಿಸುತ್ತ ಕೂರುವುದು ನನ್ನ ಬಹುದಿನದ ಅಭ್ಯಾಸ. ಹೊಸದಾಗಿ ತೊಡಗುವವರಿಗೆ ನಾನು ಮೊದಲು ಹೇಳಿಕೊಡುವ ಪದ ‘ಕೋಖ್’, ಅಂದರೆ ಕೆಂಪು. ಕೊನೆಯ ಖ್ ಗಂಟಲಿನಿಂದ ಉಜ್ಜಿಕೊಂಡು ಬರಬೇಕು, ಉರ್ದು ಮಾತನಾಡುವವರ ‘ಖಬರ್’ನಲ್ಲಿ ಬರುವಂತೆ.

ನಕಾಶೆಯಲ್ಲಿ ಮಾತ್ರ ಎಷ್ಟೋ ಕಡೆ ಸಿಗುವುದು ‘ಗೋಖ್’. ಕನ್ನಡಿಗರು ಇದಕ್ಕೆ ಹೆದರಬೇಕಿಲ್ಲ. ಮಳೆ, ಕಾಲ ಸೇರಿ ಮಳೆಗಾಲ; ಕೆಂಪು, ತಾವರೆ ಸೇರಿ ಕೆಂದಾವರೆ. ನಮ್ಮ ಆದೇಶ ಸಂಧಿಯಲ್ಲಿ ಕ, ತ, ಪಗಳು ಗ, ದ, ಬಗಳಾಗುವಂತೆಯೇ ಅಲ್ಲಿಯೂ ಎರಡನೆಯ ಪದದ ಮೊದಲಕ್ಷರ ಮೆತ್ತಗಾಗುತ್ತದೆ. ಆದರೆ ಅಲ್ಲಿ ಬಣ್ಣದ ಪದ ನಾಮಪದದ ನಂತರ ಬರುತ್ತದೆ, ಲಿಂಗವನ್ನೂ ನೋಡಬೇಕು: ನಾಮಪದ ಸ್ತ್ರೀಲಿಂಗವಾದರೆ ಕೋಖ್ ಗೋಖ್ ಆಗುತ್ತದೆ. ‘ಕಾಸ್ಟೆಲ್’ ಪುಲ್ಲಿಂಗ; ಆದ್ದರಿಂದ ಕಾರ್ಡಿಫ್ ಬಳಿಯ ಕೋಟೆ ಕಾಸ್ಟೆಲ್ ಕೋಖ್. ಡ್ರ್ಯಾಗನ್ ಸ್ತ್ರೀಲಿಂಗ, ವೇಲ್ಸ್‌ನ ಧ್ವಜದ ಮೇಲಿರುವುದು ಅ ದ್ರೈಗ್ ಗೋಖ್.

ನದಿಯೂ ಸ್ತ್ರೀಲಿಂಗವೇ. ಆಂಗ್ಲ್‌ಸೀ ದ್ವೀಪದ ಆವೊನ್ ಗೋಖ್ ಹೆಸರಿಗೆ ತಕ್ಕಂತೆ ಕೆಂಪಾಗಿಯೇ ಹರಿಯುತ್ತದೆ: ಪ್ಯಾರಿಸ್ ಬೆಟ್ಟದ ಹಳೆಯ ತಾಮ್ರದ ಗಣಿಗಳಿಂದ ಇಳಿಯುವ ಆಮ್ಲೀಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದು, ತಳದ ಕಲ್ಲಿಗೆಲ್ಲ ತುಕ್ಕಿನ ಬಣ್ಣ ಹಿಡಿದಿರುತ್ತದೆ. ಅದೇ ದ್ವೀಪದಲ್ಲಿ ‘ಲಾನ್‌ವೈರ್’ ಎಂದು ಶುರುವಾಗುವ, 58 ರೋಮನ್ ಅಕ್ಷರಗಳ ಪ್ರಸಿದ್ಧ ಊರಿನ ಹೆಸರಿದೆ. ಅದರ ಬಾಲ ‘ಗೊಗೊಗೋಖ್’. ಅದನ್ನು ಕೊನೆಯಿಂದ ಬಿಡಿಸಿ: ಗೋಖ್ ಎಂದರೆ ಕೆಂಪು, ಅದರ ಹಿಂದೆ ಅಡಗಿರುವುದು ‘ಓಗೊವ್’, ಗುಹೆ. ಉದ್ದ ಹೆಸರುಗಳನ್ನು ಬಾಲದಿಂದ ಬಿಡಿಸುವುದೇ ಸುಲಭವೆಂದು ನನ್ನ ಅನುಭವ.

ಮನುಷ್ಯರ ಹೆಸರಿನ ನಂತರ ಬಂದರೆ ಲಿಂಗದ ಲೆಕ್ಕ ಬಿಟ್ಟುಬಿಡಿ. 14ನೆಯ ಶತಮಾನದ ಕವಿ ಯೋಲೊ ಗೋಖ್ ಗಂಡಸೇ, ಆದರೂ ಗೋಖ್. ಇಂಥ ಕಡೆ ಅದು ಸಾಮಾನ್ಯವಾಗಿ ಕೆಂಗೂದಲನ್ನು ಹೇಳುತ್ತದೆ. ಇಂಗ್ಲಿಷರ ಬಾಯಲ್ಲಿ ಇದೇ ‘ಗಾಫ್’ ಎಂಬ ಮನೆತನದ ಹೆಸರಾಯಿತು.

ಎರಡು ಎಚ್ಚರಿಕೆಗಳಿವೆ. ಮೊಖ್‌ಡ್ರೆ ಎಂಬ ಊರಿನಲ್ಲಿರುವುದು ಕೆಂಪಲ್ಲ. ‘ಮೋಖ್’ ಎಂದರೆ ಹಂದಿಗಳು. ಇನ್ನು, ಕೋಖ್ ಎಂದಾಗ ಕುಂಕುಮದ ಕೆಂಪನ್ನೇ ಕಲ್ಪಿಸಿಕೊಳ್ಳಬೇಡಿ. ಕಂದು ಸಕ್ಕರೆಗೂ ವೆಲ್ಶ್ ಜನ ‘ಶುಗುರ್ ಕೋಖ್’ ಎನ್ನುತ್ತಾರೆ.

ಕೆಂಪಿಗೆ ‘ರೀದ್’ ಎಂಬ ಹಳೆಯ ಪದವೂ ಇದೆ, ಅದನ್ನೂ ಗುರುತಿಟ್ಟುಕೊಳ್ಳಿ. ‘ದೀನ್’, ಅಂದರೆ ಕೋಟೆ, ಅದಕ್ಕೆ ಸೇರಿ ರುಥಿನ್ ಎಂಬ ಊರಾಯಿತು. ಅಲ್ಲಿನ ಕೋಟೆ ಕೆಂಪು ಮರಳುಗಲ್ಲಿನದು. ಅದನ್ನೂ ಒಂದು ಕಾಲಕ್ಕೆ ಕಾಸ್ಟೆಲ್ ಕೋಖ್ ಎಂದೇ ಕರೆಯುತ್ತಿದ್ದರು.