ಪೂಕಾವಾ ಕಂಬದ ಮಾದರಿ: ಮಾವೋರಿಗಳ ಮೊದಲ ದೊರೆಯ ಆಯ್ಕೆಯನ್ನು ತರಗತಿಯಲ್ಲಿ ತೋರಿಸುವ ಬಗೆ

ಮಾವೋರಿಗಳೆಂದರೆ ನ್ಯೂಜಿಲೆಂಡಿನ ಮೂಲನಿವಾಸಿಗಳು. ಮಾದರಿಗೆ ಬೇಕಾಗುವುದು: ಎರಡಡಿ ಚದರದ ಪ್ಲೈವುಡ್, ಒಂದೂವರೆ ಅಡಿಯ ಕೋಲು, ಎರಡೂವರೆ ಅಡಿಯ ಐದು ತುಂಡು ಸುತಲಿ, ಐದು ಮೊಳೆ. ಹಲಗೆಯ ನಡುವೆ ತೂತು ಕೊರೆದು ಕೋಲನ್ನು ಸಡಿಲವಾಗಿಯೇ ನಿಲ್ಲಿಸಿ. ಅಂಟು ಹಾಕಿಬಿಟ್ಟರೆ ಹಗ್ಗಗಳಿಗೆ ಕೆಲಸವೇ ಇರುವುದಿಲ್ಲ, ಪಾಠವೂ ಅಲ್ಲಿಗೇ ಮುಗಿದಂತೆ.

ಕಟ್ಟುವ ಮೊದಲು ಕಾರಣ ಹೇಳಿ. ಮಾವೋರಿ ಮುಖಂಡರು ಬ್ರಿಟಿಷರೊಡನೆ ಮಾಡಿಕೊಂಡ 1840ರ ವೈತಾಂಗಿ ಒಪ್ಪಂದದ ನಂತರ ನ್ಯೂಜಿಲೆಂಡಿಗೆ ಬಂದ ವಲಸಿಗರಿಗೆ ದಿನದಿನಕ್ಕೂ ಹೆಚ್ಚು ಜಮೀನು ಬೇಕಾಯಿತು. 1852ರ ಸಂವಿಧಾನ ಸ್ವಂತ ಹೆಸರಿನ ಆಸ್ತಿ ನೋಡಿ ಮತದ ಹಕ್ಕು ಕೊಟ್ಟಿತು. ಮಾವೋರಿಗಳ ನೆಲ ಕುಲದ್ದಾದ್ದರಿಂದ ಹೆಚ್ಚಿನವರಿಗೆ ಆ ಹಕ್ಕೇ ಸಿಗಲಿಲ್ಲ. ಹಾಗಾಗಿ 1853ರಲ್ಲಿ ಮಾತೆನೆ ತೆ ಫಿಫಿ ಎಂಬ ಮಾವೋರಿ ಮುಖಂಡ ಕುಲಗಳನ್ನು ಒಂದುಗೂಡಿಸುವ ದೊರೆಯನ್ನು ಹುಡುಕಿಕೊಂಡು ಊರೂರು ತಿರುಗಿದ. ಹಲವರು ಒಲ್ಲೆ ಎಂದರು.

1856ರ ನವೆಂಬರಿನಲ್ಲಿ ತೌಪೊ ಸರೋವರದ ದಡದ ಪೂಕಾವಾದಲ್ಲಿ ಅಲ್ಲಿನ ಮುಖಂಡ ಇವಿಕಾವ್ ತೆ ಹೆವುಹೆವು ಸಭೆ ಕರೆದ. ಎತ್ತರದ ಕಂಬದಿಂದ ಇಳಿಬಿಟ್ಟ ಒಂದೊಂದು ಹಗ್ಗಕ್ಕೂ ಒಂದೊಂದು ಬೆಟ್ಟದ ಹೆಸರು. ಆಯಾ ಬೆಟ್ಟವನ್ನು ತನ್ನದೆನ್ನುವ ಕುಲದವರು ಅದನ್ನು ನೆಲಕ್ಕೆ ಗೂಟ ಹೊಡೆದು ಬಿಗಿದರು.

ನಿಮ್ಮ ಹಲಗೆಯ ಮೇಲೆ ಮೊದಲು ಪಶ್ಚಿಮಕ್ಕೆ ತಾರಾನಾಕಿ, ಪೂರ್ವಕ್ಕೆ ಹಿಕುರಂಗಿ, ಎರಡನ್ನೂ ಒಟ್ಟಿಗೇ ಎಳೆಯಿರಿ. ಆಮೇಲೆ ದಕ್ಷಿಣಕ್ಕೆ ತಾರಾರುವಾ. ಕೊನೆಗೆ ವಾಯವ್ಯಕ್ಕೆ ಕಾರಿಯೋಯಿ, ಈಶಾನ್ಯಕ್ಕೆ ಪೂತಾವಾಕಿ. ಉತ್ತರದ ಎರಡನ್ನೇ ಮೊದಲು ಬಿಗಿದರೆ ಕಂಬ ಅತ್ತ ವಾಲುತ್ತದೆ. ಹಿಕುರಂಗಿಯ ಗಂಟು ಹಾಕುವಾಗ ಆ ಬೆಟ್ಟದವರ ಮುಖಂಡ ತೆ ಕಾನಿ ಅ ತಾಕಿರಾವ್‌ನ ಉತ್ತರ ಹೇಳಲು ಮರೆಯಬೇಡಿ: ತನ್ನ ಹಿಕುರಂಗಿ ಅಲೆದಾಡುವ ಬೆಟ್ಟವಲ್ಲ ಎಂದು ಪಟ್ಟವನ್ನು ನಿರಾಕರಿಸಿದ್ದ.

ಮಕ್ಕಳು ಕಂಬದ ತುದಿಗೇ ಕಿರೀಟ ಅಂಟಿಸುತ್ತಾರೆ. ತಪ್ಪು. ಕಂಬ ಎಂದರೆ ತೊಂಗರಿರೊ, ಅದು ಸಭೆ ಕರೆದವನ ಬೆಟ್ಟ. ಸಭೆ ಒಪ್ಪಿದ್ದು ವೈಕಾತೊ ಸೀಮೆಯ ಪೋತಾತಾವ್ ತೆ ಫೆರೊಫೆರೊನನ್ನು: ಹೆಸರಾಂತ ಯೋಧ, ಅನೇಕ ಕುಲಗಳ ನೆಂಟ, ಫಲವತ್ತಾದ ನಾಡಿನ ಒಡೆಯ. ವಯಸ್ಸಾಗಿದ್ದ ಆತ ತಕ್ಷಣ ಹೂಂ ಅನ್ನಲಿಲ್ಲ.

ಹಾಗಾಗಿ ಎಲ್ಲವನ್ನೂ ಒಂದೇ ಇಸವಿಗೆ ತುರುಕದೆ ಮೂರು ಚೀಟಿ ಬರೆಯಿರಿ: 1856 ಪೂಕಾವಾ, 1857 ರಂಗಿರಿರಿಯ ಸಭೆ, ಇಲ್ಲಿ ಮುಖಂಡ ವಿರೆಮು ತಮಿಹಾನನ ಒತ್ತಾಯ ಮುಖ್ಯ, 1858 ನಾರುವಾವಾಹಿಯಾ ಊರು, ಪಟ್ಟ ಕಟ್ಟಿದ್ದು ಇಲ್ಲಿ. ಮೂರನೆಯದಕ್ಕೆ ಕಿರೀಟದ ಬದಲು ಪುಸ್ತಕದ ಚಿತ್ರ ಹಾಕಿ. ತಮಿಹಾನ ಪೋತಾತಾವ್‌ನ ತಲೆಯ ಮೇಲೆ ಹಿಡಿದದ್ದು ಬೈಬಲ್.

1860ರಲ್ಲಿ ಪೋತಾತಾವ್ ತೀರಿಕೊಂಡ ಮೇಲೆ ಮಗ ತಾಫಿಯಾವೊ ಬಂದ. ಆದರೂ ವಂಶವೃಕ್ಷ ಬರೆದು ಕೈತೊಳೆದುಕೊಳ್ಳಬೇಡಿ: ಇಂದಿಗೂ ಪಟ್ಟ ಅದೇ ಮನೆಯಲ್ಲಿದ್ದರೂ ಯಾರಿಗೆ ಎಂಬುದನ್ನು ಪ್ರತಿ ಸಲ ಮುಖಂಡರೇ ತೀರ್ಮಾನಿಸುತ್ತಾರೆ. 2024ರಲ್ಲಿ ಇಬ್ಬರು ಅಣ್ಣಂದಿರಿದ್ದರೂ ಆಯ್ಕೆಯಾದದ್ದು ತೀರಿಕೊಂಡ ದೊರೆಯ ಮಕ್ಕಳಲ್ಲೇ ಕಿರಿಯವಳಾದ ಮಗಳು.